ಹೆಗಲ ಗುಳಿಯಲ್ಲಿ ನಿಂತ ಹುಣಸೆ ಬೀಜ

ಚಾಂದವಡದ ಮಾರುಕಟ್ಟೆಗೆ ಒಂದು ದಿನಕ್ಕೆ ಬರುವ ಅಷ್ಟೂ ಈರುಳ್ಳಿಯನ್ನು ಎದೆಗೆ ಕಟ್ಟಿಕೊಂಡು, ನಡುವೆ ಒಂದು ಗುಟುಕು ನೀರೂ ಕುಡಿಯದೆ, ಸಾತಪುರದಿಂದ ಘೋಟಿಯವರೆಗೆ ನಡೆದು ಹೋಗಿ ಅದೇ ಸಂಜೆ ನಡೆದೇ ವಾಪಸು ಬಂದ ಭೂಮಂಡಲದ ಏಕೈಕ ಗಂಡಸು ನಾನು. ದಾರಿಯಲ್ಲಿ ಹದಿನಾರು ಗಾಲಿಯ ಮೂರು ಟ್ರಕ್ಕುಗಳು ನನ್ನನ್ನು ನೋಡಿ ನಾಚಿಕೊಂಡು ಪಕ್ಕಕ್ಕೆ ಸರಿದು ನಿಂತವು. ನಂಬುವವರು ನಂಬಿ, ನಂಬದವರು ದಾನಮ್ಮನವರನ್ನು ಕೇಳಿ.

ಆದರೆ ದಾನಮ್ಮನವರನ್ನು ಕೇಳುವುದೇ ತಪ್ಪು.

“ಎರಡು ಕಿಲೋ ಜ್ವಾಳ ಇತ್ರಿ ಅದ್ರಾಗ,” ಎನ್ನುತ್ತಾರೆ ಅವರು, ಹೊಲಿಗೆ ಯಂತ್ರದಿಂದ ಕಣ್ಣು ಕೀಳದೆ. “ಈ ಕಡಿ ಒಂದು, ಆ ಕಡಿ ಒಂದು. ಚಾದ ಅಂಗಡಿ ತನಕ ಹೋಗಿ ಬಂದ್ರಿ. ಹದಿನೇಳು ಮಿನಿಟ. ಆಮ್ಯಾಲ ಆ ಕಟ್ಟಿ ಮ್ಯಾಲ ಕೂತು ‘ಬಿಚ್ಚವ್ವಾ ತಾಯಿ’ ಅಂದ್ರಿ.”

ನೋಡಿ, ಬರೆಯುವವರ ಪಾಡು ಇದು. ಒಬ್ಬರ ಬಗ್ಗೆ ನಾಲ್ಕು ದೊಡ್ಡ ಮಾತು ಬರೆಯೋಣವೆಂದು ಹೊರಟರೆ, ಅವರೇ ಕತ್ತರಿ ಹಿಡಿದು ಕೂತಿರುತ್ತಾರೆ.

ಜನವರಿಯ ಬೆಳಗಿನ ಐದು ಗಂಟೆ. ನಾಶಿಕದ ಅಂಚಿನ ಸಾತಪುರದ ಕಾರ್ಖಾನೆಗಳ ಹಿಂದೆ ಇರುವ ತಗಡಿನ ಮನೆಗಳ ಸಾಲಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಪಾಳಿ ಬದಲಾಗುವ ಹೊತ್ತಿನ ಬೈಕುಗಳ ಸದ್ದು ರಸ್ತೆಯ ಕಡೆಯಿಂದ ಬರುತ್ತಿದೆ. ಬಲ್ಬಿನ ಕೆಳಗೆ ಕಾಲಿನಿಂದ ತುಳಿಯುವ ಹಳೆಯ ಯಂತ್ರ. ಅದರ ಹಿಂದೆ ಐವತ್ನಾಲ್ಕು ವರ್ಷದ ದಾನಮ್ಮ, ಸಿಂದಗಿ ಕಡೆಯವರು, ಕಸಬರಿಗೆ ಕಡ್ಡಿಯಂಥ ಮೈ. ಬಾಗಿಲ ಮುಂದೆ ಶಾಲು ಹೊದ್ದ ಹತ್ತು ಸಾವಿರ ಹೆಂಗಸರು ನಡುಗುತ್ತ ನಿಂತಿದ್ದಾರೆ.

“ಒಂಬತ್ತು ಮಂದಿ,” ಎಂದು ಒಳಗಿನಿಂದ ತಿದ್ದುಪಡಿ ಬರುತ್ತದೆ.

ಆಯಿತು, ಒಂಬತ್ತು. ಏಳಕ್ಕೆಲ್ಲ ಇವರು ಕೂಲಿ ನಾಕಾದಲ್ಲಿ ಇರಬೇಕು. ಅಲ್ಲಿಂದ ಟೆಂಪೋ ಹತ್ತಿ ಯಾವುದೋ ಕಟ್ಟಡಕ್ಕೆ ಹೋಗಿ ಗಾರೆ, ಇಟ್ಟಿಗೆ, ಮರಳು ಹೊರಬೇಕು. ಎಲ್ಲರೂ ಬಂದಿರುವುದು ಒಂದೇ ಕೆಲಸಕ್ಕೆ. ಕುಪ್ಪಸದ ಒಳಗೆ ತೊಡುವ ಬಾಡಿಯ ಪಟ್ಟಿ ಹರಿದಿದೆ, ಇಲ್ಲವೆ ಹೆಗಲನ್ನು ಕೊಯ್ಯುತ್ತಿದೆ. ಅಂಗಡಿಯಲ್ಲಿ ಸಿಗುವ ಬಾಡಿಯ ಪಟ್ಟಿ ಕಿರುಬೆರಳಿನಷ್ಟು ಅಗಲ. ದಾನಮ್ಮನವರದು ಮೂರು ಬೆರಳು, ಒಳಗೆ ಎರಡು ಪದರ ಮಾದರಪಾಟ ಬಟ್ಟೆ, ಕೆಳಗೆ ಬೆವರು ಹೀರಲು ಹಳೆಯ ಧೋತರದ ಅಂಚು. ದಿನಕ್ಕೆ ಏಳು ಹೊಸದು ಹೊಲಿಯುತ್ತಾರೆ, ಹದಿನೈದು ಇಪ್ಪತ್ತು ದುರಸ್ತಿ ಮಾಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅದಕ್ಕೂ ಮೊದಲು ಇವರೇ ತಲೆಯ ಮೇಲೆ ಬುಟ್ಟಿ ಹೊತ್ತವರು.

ಇಷ್ಟೇ ಆಗಿದ್ದರೆ ಇದೇ ಗಲ್ಲಿಯಲ್ಲಿದ್ದು ಪತ್ರಿಕೆಗೆ ಬರೆಯುವ ನಾನು ಚಳಿಯಲ್ಲಿ ಎದ್ದು ಬರುತ್ತಿರಲಿಲ್ಲ. ದಾನಮ್ಮನವರ ಇನ್ನೊಂದು ಕೆಲಸದ ಬಗ್ಗೆ ಈ ಬರಹ. ದೊಡ್ಡ ಸ್ತನಗಳ ಭಾರಕ್ಕೆ ಬೆನ್ನು ಬಾಗಿದ ಹೆಂಗಸರನ್ನು ಗುರುತಿಸಿ, ಬಸ್ಸು ಹತ್ತಿಸಿ, ಸಂಭಾಜಿನಗರದ ಒಂದು ದವಾಖಾನೆಗೆ ಕರೆದುಕೊಂಡು ಹೋಗಿ, ಆ ಭಾರ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುತ್ತಾರೆ. ಈ ಮಾತು ಬಂದ ಕೂಡಲೇ ಕೆಮ್ಮಿ, ಪುರವಣಿ ಮಡಚಿ, ಪಕ್ಕಕ್ಕಿಡುವವರು ಇಟ್ಟುಬಿಡಿ. ಮಂಡಿ ನೋವು, ಸಕ್ಕರೆ ಕಾಯಿಲೆ, ಮೂಲವ್ಯಾಧಿ ಎಲ್ಲದರ ಬಗ್ಗೆಯೂ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂತು ಗಟ್ಟಿಯಾಗಿ ಮಾತನಾಡುವ ಜನ, ಇದೊಂದರ ಬಗ್ಗೆ ಮಾತ್ರ ಒಂದೋ ನಗುತ್ತಾರೆ, ಇಲ್ಲವೇ ಬಾಗಿಲು ಹಾಕಿಕೊಳ್ಳುತ್ತಾರೆ. ನನಗೆ ಸಾಕಾಗಿ ಹೋಗಿದೆ.

ದಾನಮ್ಮನವರ ಪರೀಕ್ಷೆ ಎಕ್ಸ್‌ರೇಯನ್ನೂ ಮೀರಿಸುತ್ತದೆ. (ಇದನ್ನು ಓದಿ ಹೇಳಿದಾಗ ಅವರು “ಹಾಂಗ ಬರೀಬ್ಯಾಡ್ರಿ, ಡಾಕ್ಟರ್ ಸಿಟ್ಟಾಗ್ತಾರ” ಎಂದರು. ಬರೆದಾಗಿದೆ.) ಅಳತೆ ತೆಗೆದುಕೊಳ್ಳುವಾಗ ಹೆಗಲ ಮೇಲಿನ ಪಟ್ಟಿ ಸರಿಸುತ್ತಾರೆ. ಪಟ್ಟಿ ಒತ್ತಿ ಒತ್ತಿ ಅಲ್ಲೊಂದು ಗುಳಿ ಬಿದ್ದಿರುತ್ತದೆ. ಡಬ್ಬಿಯಿಂದ ಒಂದು ಹುಣಸೆ ಬೀಜ ತೆಗೆದು ಆ ಗುಳಿಯಲ್ಲಿ ಇಡುತ್ತಾರೆ. “ನಾಕ್ ಹೆಜ್ಜಿ ನಡಿ,” ಎನ್ನುತ್ತಾರೆ. ಬೀಜ ಜಾರಿ ಬಿದ್ದರೆ ಮೂರು ಬೆರಳಿನ ಬಾಡಿ ಹೊಲಿದು ಕೊಡುತ್ತಾರೆ. ನಿಂತರೆ ಯಂತ್ರ ನಿಲ್ಲಿಸಿ, ಕೈ ಹಿಡಿದು ಒಳಗೆ ಕೂರಿಸಿ, ಕತ್ತು ನೋಯ್ತದೇನು, ಕೈಬೆರಳು ಜೋಮು ಹಿಡೀತಾವೇನು, ಎದಿ ಕೆಳಗ ಚರ್ಮ ಕೆಂಪಾಗಿ ಹುಣ್ಣಾಗ್ತದೇನು, ಮಲಗಿದ್ರ ಉಸಿರು ಕಟ್ಟತದೇನು ಎಂದು ಒಂದೊಂದಾಗಿ ಕೇಳುತ್ತಾರೆ.

“ಯಾರೂ ಹೇಳಂಗಿಲ್ರಿ ತಾವಾಗಿ,” ಎನ್ನುತ್ತಾರೆ. “ಬೆನ್ನು ನೋವು ಅಂತಾರ, ಗುಳಿಗಿ ನುಂಗತಾರ. ಬೆನ್ನು ಯಾಕ ನೋಯ್ತದ ಅಂದ್ರ ಸೆರಗು ಎಳ್ಕೊಂಡು ಸುಮ್ನ ಆಗ್ತಾರ. ನನ್ನ ಅಕ್ಕನೂ ಹಂಗ ಸುಮ್ನ ಇದ್ಲು.”

ಅಕ್ಕ ಎಂದರೆ ಗುಂಡವ್ವ. ಸಂಭಾಜಿನಗರದ ಅದೇ ದವಾಖಾನೆಯ ಕಸ ಗುಡಿಸುವವರು. ಒಂಬತ್ತು ವರ್ಷದ ಹಿಂದೆ ಅಲ್ಲಿಯ ಶಸ್ತ್ರಚಿಕಿತ್ಸಕಿಯೊಬ್ಬರು ಪಡಸಾಲೆಯಲ್ಲಿ ಪೊರಕೆ ಹಿಡಿದು ಗೋಡೆಗೆ ಒರಗಿ ನಿಂತ ಗುಂಡವ್ವನನ್ನು ನೋಡಿ, “ಮಾವಶಿ, ನಿಮ್ಮ ಬೆನ್ನಿಗೆ ರೋಗ ಇಲ್ಲ, ಹೊರೆ ಇದೆ. ಅದನ್ನು ಇಳಿಸಲು ಬರುತ್ತದೆ,” ಎಂದರಂತೆ. ಐವತ್ತರ ಹತ್ತಿರವಿದ್ದ ಗುಂಡವ್ವ ಆ ಮಾತು ಕೇಳಿ ಮೊದಲು ನಕ್ಕರು, ಆಮೇಲೆ ಅತ್ತರು, ಆಮೇಲೆ ತಂಗಿಗೆ ಫೋನು ಮಾಡಿದರು. ಶಸ್ತ್ರಚಿಕಿತ್ಸೆಯಾದ ಮೂರನೆಯ ತಿಂಗಳಿಗೆ ಅವರು ಹೇಳಿದ ಮಾತನ್ನು ದಾನಮ್ಮ ಇವತ್ತಿಗೂ ಎಲ್ಲರಿಗೂ ಹೇಳುತ್ತಾರೆ: “ದಾನಿ, ನಾ ಹನ್ನೆರಡು ವರ್ಷದಾಕಿ ಇದ್ದಾಗಿನಾಂಗ ಬೋರಲ ಮಲಗಿ ನಿದ್ದಿ ಮಾಡೀನಿ.”

ಅಲ್ಲಿಂದ ಇಲ್ಲಿಯವರೆಗೆ ದಾನಮ್ಮ ಬಸ್ಸು ಹತ್ತಿಸಿದ ಹೆಂಗಸರ ಸಂಖ್ಯೆ ಹನ್ನೊಂದು ಸಾವಿರ. ಸರಿ, ಸರಿ. ಹನ್ನೊಂದು. ಆದರೆ ಆ ಒಬ್ಬೊಬ್ಬರನ್ನೂ ಹೊರಡಿಸಲು ಪಟ್ಟ ಪಾಡನ್ನು ತೂಗಿದರೆ ನನ್ನ ಲೆಕ್ಕವೇ ಸರಿ.

ಹನ್ನೆರಡನೆಯವಳು ಮಂಜುಳಾ. ವಯಸ್ಸು ಇಪ್ಪತ್ತೊಂಬತ್ತು. ಎರಡು ಮಕ್ಕಳ ತಾಯಿ. ಕಿರಿಯದು ಅಂಗನವಾಡಿಗೆ ಹೋಗುತ್ತದೆ. ಗಾರೆ ತುಂಬಿದ ಕಬ್ಬಿಣದ ಬುಟ್ಟಿ ಹೊತ್ತು ಮೂರು ಅಂತಸ್ತು ಹತ್ತುವ ಕೆಲಸ. ಹುಣಸೆ ಬೀಜ ಅವಳ ಹೆಗಲಲ್ಲಿ ನಿಂತದ್ದಷ್ಟೇ ಅಲ್ಲ, ಬಾಗಿಲ ತನಕ ಹೋಗಿ ಬಂದರೂ ಅಲ್ಲೇ ಇತ್ತು. ಬಲಗೈಯ ಬೆರಳು ಜೋಮು ಹಿಡಿದು ಎರಡು ಸಲ ಬುಟ್ಟಿ ಕೈತಪ್ಪಿದೆ. ಎರಡನೆಯ ಸಲ ಅದು ಕೆಳಗೆ ನಿಂತವನ ಕಾಲಿನ ಪಕ್ಕದಲ್ಲೇ ಬಿತ್ತು. “ಇನ್ನೊಂದು ಸಲ ಬಿದ್ರ ಕೆಲಸಕ್ಕ ಬರಬ್ಯಾಡ” ಎಂದಿದ್ದಾನೆ ಆಳುಗಳ ಮೇಸ್ತ್ರಿ, ಮುಕಾದಮ. ಅಂದರೆ ಮಂಜುಳಾಗೆ ಇದು ರೂಪದ ಪ್ರಶ್ನೆಯಲ್ಲ. ಭಾರ ಇಳಿದರೆ ಕೆಲಸ ಉಂಟು, ಇಳಿಯದಿದ್ದರೆ ಇಲ್ಲ.

ಡಾಕ್ಟರು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಒಂದೊಂದು ಕಡೆಯಿಂದ ಸುಮಾರು ಒಂದು ಕಿಲೋ ತೆಗೆಯಬೇಕಾದೀತು ಎಂದರು. ಗೆರೆ ಉಳಿಯುತ್ತದೆ, ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು, ಮುಂದೆ ಮಗುವಾದರೆ ಹಾಲು ಸಾಲದಿರಬಹುದು ಎಂದೂ ಮುಚ್ಚಿಡದೆ ಹೇಳಿದರು. ಮಂಜುಳಾ ಎಲ್ಲಕ್ಕೂ ಒಪ್ಪಿದಳು. ನವೆಂಬರಿನಲ್ಲಿ ದಿನ ಗೊತ್ತಾಯಿತು.

ಆ ದಿನ ತಪ್ಪಿತು. ಕಾರಣ ಕೇಳಿದರೆ ನೀವೂ ಹಣೆ ಚಚ್ಚಿಕೊಳ್ಳುತ್ತೀರಿ. ದಾಖಲು ಮಾಡಿಕೊಳ್ಳುವ ಕಿಟಕಿಯಲ್ಲಿದ್ದ ಒಬ್ಬ ಮಹಾಶಯ “ನವರಾ ಕುಠೆ ಆಹೆ?” ಎಂದ. ಗಂಡ ಎಲ್ಲಿ? ವಯಸ್ಸಿಗೆ ಬಂದ ಹೆಂಗಸಿಗೆ ತನ್ನ ಮೈಯ ಶಸ್ತ್ರಚಿಕಿತ್ಸೆಗೆ ತನ್ನದೇ ಸಹಿ ಸಾಕು. ಡಾಕ್ಟರೂ ಅದನ್ನೇ ಹೇಳಿದ್ದರು. ಆದರೆ ಡಾಕ್ಟರು ಒಳಗೆ, ಇವನು ಕಿಟಕಿಯಲ್ಲಿ. ನಾಶಿಕದಲ್ಲಿದ್ದ ಗಂಡ ಶಶಿಕಾಂತನಿಗೆ ಫೋನು ಹೋಯಿತು. ಶಶಿಕಾಂತ ಅಮ್ಮನಿಗೆ ಫೋನು ಕೊಟ್ಟ. ಅಮ್ಮ ಜಗದೇವಿ, “ದೇವರು ಕೊಟ್ಟದ್ದು ಕೊಯ್ಸಿಕೊಂಡು ಬಂದ್ರ ಮನ್ಯಾಗ ಕಾಲಿಡಬ್ಯಾಡ ಅಂತ ಹೇಳು,” ಎಂದರು. ಐದು ತಾಸು ಬಸ್ಸಿನಲ್ಲಿ ಹೋದವರು ಐದು ತಾಸು ಬಸ್ಸಿನಲ್ಲಿ ವಾಪಸು ಬಂದರು. 

ಈಗ ಮತ್ತೆ ಜನವರಿಯ ಆ ಬೆಳಗಿಗೆ ಬನ್ನಿ. ದಾನಮ್ಮ ಅಷ್ಟು ಹೊತ್ತಿಗೇ ಎದ್ದು ಇನ್ನೊಮ್ಮೆ ಗಟ್ಟಿ ಹೊಲಿಯುತ್ತಿದ್ದದ್ದು ಬಾಡಿಯಲ್ಲ. ಗಂಡಸರ ಬನಿಯನ್ನಿನ ಎದೆಗೆ ಎರಡು ಚೀಲ, ಚೀಲಕ್ಕೆ ಒಂದೊಂದು ಕಿಲೋ ಜೋಳ, ಹೆಗಲ ಮೇಲೆ ಅಂಗಡಿ ಬಾಡಿಯಲ್ಲಿ ಇರುವಂಥದ್ದೇ ಕಿರುಬೆರಳಿನ ಪಟ್ಟಿ. ಇದು ಅವರು ಗಂಡಂದಿರಿಗೆಂದೇ ಮಾಡಿಟ್ಟ ಅಂಗಿ. ಹಿಂದಿನ ದಿನ ಅದರ ಪಟ್ಟಿ ಗಟ್ಟಿಯಿದೆಯೇ ಎಂದು ನೋಡಲು ನನ್ನ ಮೇಲೆ ತೊಡಿಸಿದ್ದರು. ಈರುಳ್ಳಿಯ ಕಥೆ ಹುಟ್ಟಿದ್ದು ಹಾಗೆ.

ಆರು ಗಂಟೆಗೆ ಶಶಿಕಾಂತ ಬರುತ್ತಾನೆ. ಮೂವತ್ತಮೂರರ ಗಟ್ಟಿಮುಟ್ಟಾದ ಆಳು. ಸ್ಲ್ಯಾಬಿಗೆ ಹಲಗೆ ಕೂರಿಸುವ ಕೆಲಸ. ಬೆನ್ನ ಹಿಂದೆ ಅಮ್ಮ ಜಗದೇವಿ.

“ಏನ್ ಅತ್ಯಾ ಇದು, ನನ್ನ ಮಂಗ್ಯಾ ಮಾಡ್ತಿ ಏನು?” ಎಂದು ಶಶಿಕಾಂತ ನಗುತ್ತಾನೆ.

“ಒಂದು ದಿನ ಹಾಕ್ಕೊಂಡು ಕೆಲಸ ಮಾಡಪಾ. ಸಂಜಿ ತನಕ ಬಿಚ್ಚದಿದ್ರ, ನಾ ಮಂಜುಳಾನ ಸುದ್ದಿಗೆ ಇನ್ನ ಬರಂಗಿಲ್ಲ. ಮ್ಯಾಲ ಎರಡು ಅಂಗಿ ಪುಕ್ಕಟ ಹೊಲದ ಕೊಡ್ತೀನಿ.”

“ಎರಡು ಕಿಲೋ? ನಾ ಸಿಮೆಂಟ ಚೀಲ ಎತ್ತಾಂವ!”

“ಚೀಲ ಇಳಸ್ತಿಯಲ್ಲ? ಇದನ್ನ ಇಳಸಬ್ಯಾಡ.”

ಅದನ್ನು ತೊಟ್ಟು, ಮಂಜುಳಾ ಗಾರೆ ಹೊರುವ ಕಟ್ಟಡಕ್ಕೇ ಹೋದ ಶಶಿಕಾಂತ ಒಂಬತ್ತರ ತನಕ ಹಾಡು ಗುನುಗುತ್ತಾನೆ. ಹತ್ತಕ್ಕೆ ಹಾಡು ನಿಲ್ಲುತ್ತದೆ. ಹಲಗೆಗೆ ಮೊಳೆ ಹೊಡೆಯಲು ಬಗ್ಗಿದಾಗಲೆಲ್ಲ ಆ ಎರಡು ಚೀಲ ಮುಂದಕ್ಕೆ ಜೋತು ಕತ್ತನ್ನು ಎಳೆಯುತ್ತವೆ. ಬೇರೆ ಆಳುಗಳು ಸೀಟಿ ಹೊಡೆಯುತ್ತಾರೆ. “ಕಾಯ ವಹಿನಿ!”, ಏನತ್ತಿಗೆ, ಎಂದು ಒಬ್ಬ ಮರಾಠಿಯಲ್ಲಿ ಕರೆಯುತ್ತಾನೆ. ಶಶಿಕಾಂತನ ಕಿವಿ ಕೆಂಪಾಗುತ್ತದೆ. ಹನ್ನೊಂದೂವರೆಗೆ ಅವನು ಎದೆಯ ಕೆಳಗೆ ಕೈಯಿಟ್ಟು ಚೀಲಗಳನ್ನು ಎತ್ತಿ ಹಿಡಿದು ನಿಲ್ಲುತ್ತಾನೆ. ಮಂಜುಳಾ ಬುಟ್ಟಿ ಹೊತ್ತು ಅವನ ಪಕ್ಕದಲ್ಲೇ ಹಾದುಹೋಗುತ್ತಾಳೆ. ಊಟದ ಹೊತ್ತಿಗೆ ಅವನು ಗೋಡೆಗೆ ಒರಗಿ ಕೂತಿದ್ದಾನೆ. ಬುತ್ತಿ ತಂದ ಜಗದೇವಿ ಮಗನ ಹೆಗಲು ನೋಡುತ್ತಾರೆ. ಪಟ್ಟಿ ಕೂತ ಜಾಗದಲ್ಲಿ ಎರಡು ಕೆಂಪು ಬರೆ.

“ಬಿಚ್ಚೋ ಅದನ್ನ! ಬೆನ್ನು ಮುರದ ಹೋದೀತು!” ಎಂದು ಮುದುಕಿ ಕಿರುಚುತ್ತಾರೆ. “ದಾನವ್ವಾ, ಏನ್ ಸಿಟ್ಟವಾ ನಿಂದು? ನನ್ನ ಮಗನ ಜೀವಾ ತಗೀತಿ ಏನು?”

ಇದನ್ನು ಕೇಳಲೆಂದೇ ದಾನಮ್ಮ ಯಂತ್ರ ಬಿಟ್ಟು ಬಂದು ಬೆಳಗಿನಿಂದ ಮರಳಿನ ಗುಡ್ಡೆಯ ಮೇಲೆ ಕೂತಿದ್ದಾರೆ. ಎದ್ದು ಬಂದು, ಜಗದೇವಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ದನಿ ಎತ್ತದೆ ಕೇಳುತ್ತಾರೆ:

“ಯಕ್ಕಾ, ಮಗನ ಬೆನ್ನು ಅರ್ಧ ದಿನಕ್ಕ ಮುರೀತದ. ಸೊಸಿ ಹದಿನೈದು ವರ್ಷ ಆತು, ಮಲಗುವಾಗೂ ಬಿಚ್ಚಿಲ್ಲ. ಆಕಿ ಬೆನ್ನು ಯಾವ ಕಬ್ಬಿಣದ್ದು?”

ಜಗದೇವಿ ಬುತ್ತಿ ಬಿಚ್ಚುತ್ತಾರೆ. ಮೊದಲ ರೊಟ್ಟಿಯನ್ನು ಮಗನಿಗೆ ಕೊಡುವವರು ಅವತ್ತು ಸೊಸೆಯನ್ನು ಕೂಗುತ್ತಾರೆ. “ಬಾ, ಉಣ್ಣು ಬಾ,” ಅಷ್ಟೇ. ಸಂಜೆ ಶಶಿಕಾಂತ ದಾನಮ್ಮನವರ ಮನೆಗೆ ಬಂದು, “ಎಲ್ಲಿ ಸಹಿ ಮಾಡ್ಬೇಕ್ ಹೇಳ ಅತ್ಯಾ,” ಎನ್ನುತ್ತಾನೆ. “ನಿನ್ನ ಸಹಿ ಬೇಕಾಗೇ ಇಲ್ಲ. ಬಸ್‌ಸ್ಟ್ಯಾಂಡ್ ತನಕ ಚೀಲಾ ಹಿಡಕೊಂಡು ಬಾ ಸಾಕು,” ಎನ್ನುತ್ತಾರೆ ದಾನಮ್ಮ.

ಇಷ್ಟಕ್ಕೆ ಮುಗಿಯಬೇಕಿತ್ತು. ಯಾವುದು ತಾನೇ ಇಷ್ಟಕ್ಕೆ ಮುಗಿಯುತ್ತದೆ?

ಶಸ್ತ್ರಚಿಕಿತ್ಸೆಗೆ ಎರಡನೆಯ ದಿನ ಫೆಬ್ರವರಿಯ ಕೊನೆಗೆ ಸಿಗುತ್ತದೆ. ಈ ಸಲ ನಾನೂ ಜೊತೆಗೆ ಹೋಗುತ್ತೇನೆ. ಶಶಿಕಾಂತ ಬಸ್‌ಸ್ಟ್ಯಾಂಡಿಗೆ ಚೀಲ ತಂದಿದ್ದಾನೆ. ಜಗದೇವಿ ದಾರಿಗೆಂದು ಚಟ್ನಿಪುಡಿ ಕಟ್ಟಿಕೊಟ್ಟಿದ್ದಾರೆ. ಗುಂಡವ್ವನ ಮನೆಯಲ್ಲಿ ಉಳಿದು, ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಮಂಜುಳಾ ದವಾಖಾನೆಯ ಹಸಿರು ಗೌನು ತೊಡುತ್ತಾಳೆ. ಅರಿವಳಿಕೆ ಕೊಡುವ ಡಾಕ್ಟರು ಬಂದು “ಬಾಯಿ ತೆರಿ” ಎನ್ನುತ್ತಾರೆ. ತೆರೆಯುತ್ತಾಳೆ. ವಸಡಿನ ಅಂಚಿನಲ್ಲೆಲ್ಲ ಕಪ್ಪು.

ಮಿಶ್ರಿ. ನಮ್ಮ ಕಡೆಯವರು ಈ ನಾಡಿಗೆ ಬಂದು ಮರಾಠಿ ಕಲಿಯುವ ಮೊದಲೇ ಕಲಿಯುವುದು ಇದನ್ನು. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿ ಬೆರಳಿನಿಂದ ಹಲ್ಲಿಗೆ ಉಜ್ಜುವುದು. ಬೆಳಗಾಗುತ್ತಲೇ ಒಮ್ಮೆ, ಊಟದ ಮೇಲೆ ಒಮ್ಮೆ, ತಲೆ ಭಾರವಾದಾಗ ಒಮ್ಮೆ. ಉಜ್ಜುವ ಯಾವ ಹೆಂಗಸನ್ನು ಬೇಕಾದರೂ “ತಂಬಾಕು ತಿನ್ನುತ್ತೀಯಾ?” ಎಂದು ಕೇಳಿ. “ಛೀ, ಅದೆಲ್ಲ ಗಂಡಸರ ಚಟ,” ಎನ್ನುತ್ತಾಳೆ. ಸುಳ್ಳು ಹೇಳುತ್ತಿಲ್ಲ. ಅವಳ ಪಾಲಿಗೆ ಅದು ಹಲ್ಲುಪುಡಿ.

ಶಸ್ತ್ರಚಿಕಿತ್ಸಕಿ ಬರುತ್ತಾರೆ. ಸಿಟ್ಟಿಗಿಂತ ಸುಸ್ತು ಹೆಚ್ಚಿರುವ ಮುಖ. ತಂಬಾಕು ಮೈಯಲ್ಲಿದ್ದರೆ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಕೊಯ್ದ ಜಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಗಾಯ ಮಾಯುವುದಿಲ್ಲ, ತೊಟ್ಟಿನ ಚರ್ಮವೇ ಸತ್ತು ಹೋಗಬಹುದು ಎಂದು ವಿವರಿಸುತ್ತಾರೆ. ಕನಿಷ್ಠ ನಾಲ್ಕು ವಾರ ಪೂರ್ತಿ ಬಿಟ್ಟು ಬನ್ನಿ ಎನ್ನುತ್ತಾರೆ. ಮುಂದಿನ ಖಾಲಿ ದಿನ ಮೇ ತಿಂಗಳ ನಡುವಿಗೆ.

ನಾನು ಆ ಪಡಸಾಲೆಯಲ್ಲಿ ಗುಡುಗಿದ್ದು ನಾಶಿಕದವರೆಗೆ ಕೇಳಿಸಿರಬೇಕು. ದಿನ ಕೊಟ್ಟ ಚೀಟಿಯಲ್ಲಿ ತಂಬಾಕಿನ ಮಾತೇ ಇಲ್ಲ! ಬಡವರಿಗೆ ಒಂದು ಮಾತು ಬರೆದು ತಿಳಿಸಲು ಇವರ ಶಾಯಿ ಖರ್ಚಾಗುತ್ತದೆಯೇ? ಡಾಕ್ಟರು ನನ್ನ ಗಂಟಲು ಆರುವ ತನಕ ಕಾದು, ಮಂಜುಳಾಳನ್ನು ಮರಾಠಿಯಲ್ಲಿ, ಮಿಶ್ರಿ ತಂಬಾಕಲ್ಲವೆಂದು ಯಾರು ಹೇಳಿದರು ಎಂದು ಕೇಳುತ್ತಾರೆ. “ಯಾರೂ ಇಲ್ರಿ. ನಾನೇ ಹಾಂಗ ತಿಳಕೊಂಡಿದ್ದೆ,” ಎಂದು ಮಂಜುಳಾ ಗೌನು ಬಿಚ್ಚಲು ಹೋಗುತ್ತಾಳೆ.

ಆಮೇಲಿನ ಎರಡೂವರೆ ತಿಂಗಳನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಬರೆಯಬೇಕು. ಏಪ್ರಿಲ್ಲಿನ ಬಿಸಿಲಿಗೆ ಎದೆಯ ಕೆಳಗಿನ ಹುಣ್ಣು ಒಡೆಯುತ್ತದೆ. ದಾನಮ್ಮ ಹಳೆಯ ಧೋತರ ಹರಿದು ಹರಿದು ಮಡಿಕೆ ಮಾಡಿ ಕೊಡುತ್ತಾರೆ, ದಿನಕ್ಕೆ ನಾಲ್ಕು. ಬುಟ್ಟಿ ಮೂರನೆಯ ಸಲ ಬೀಳುತ್ತದೆ. ಮುಕಾದಮ ಮಾತಿಗೆ ತಪ್ಪುವುದಿಲ್ಲ, ಮಂಜುಳಾಳನ್ನು ಕೆಲಸದಿಂದ ಬಿಡಿಸುತ್ತಾನೆ. ಆಕೆ ದಾನಮ್ಮನವರ ಬಾಗಿಲಲ್ಲಿ ಕೂತು ಗುಂಡಿ ಹಚ್ಚುತ್ತಾಳೆ. ಬಾಯಿಗೆ ಮಿಶ್ರಿ ಇಲ್ಲದೆ ತಲೆ ಸಿಡಿಯುತ್ತದೆ, ಮಕ್ಕಳ ಮೇಲೆ ರೇಗುತ್ತಾಳೆ. ವಿಚಿತ್ರವೆಂದರೆ, ಆಗ ಪಕ್ಕದಲ್ಲಿ ಬಂದು ಕೂರುವುದು ಜಗದೇವಿ. ಐವತ್ತು ವರ್ಷದಿಂದ ಮಿಶ್ರಿ ಉಜ್ಜಿದ ಮುದುಕಿ ತನ್ನ ಡಬ್ಬಿಯನ್ನು ಚರಂಡಿಗೆ ಸುರಿದು, “ನನ್ನ ಬಾಯಿ ವಾಸ್ನಿ ನಿನಗ ಬಂದ್ರ ನೀ ಬಿಡಂಗಿಲ್ಲ,” ಎನ್ನುತ್ತಾರೆ. ಇಬ್ಬರೂ ಲವಂಗ ಅಗಿಯುತ್ತ, ಪರಸ್ಪರ ಬೈದುಕೊಳ್ಳುತ್ತ, ಮೇ ತಿಂಗಳವರೆಗೆ ದಿನ ನೂಕುತ್ತಾರೆ.

ಮೇ ತಿಂಗಳ ಮೂರನೆಯ ಮಂಗಳವಾರ. ಈ ಸಲ ಬಾಯಿ ತೆರೆದಾಗ ಡಾಕ್ಟರು ತಲೆಯಾಡಿಸುತ್ತಾರೆ. ಮೂರೂವರೆ ತಾಸು. ಹೊರಗಿನ ಬೆಂಚಿನಲ್ಲಿ ದಾನಮ್ಮ, ಗುಂಡವ್ವ, ರಜೆ ಹಾಕಿ ಬಂದ ಶಶಿಕಾಂತ, ನಾನು. ದಾನಮ್ಮನವರ ಕೈ ಸುಮ್ಮನಿರುವುದಿಲ್ಲ. ತಂದಿದ್ದ ಬಟ್ಟೆಯ ಅಂಚನ್ನು ಕೈಹೊಲಿಗೆ ಹಾಕುತ್ತಲೇ ಇದ್ದಾರೆ. ಬಾಗಿಲು ತೆರೆದು ನರ್ಸು ಹೇಳುತ್ತಾಳೆ: ಒಂದು ಕಡೆ ಎಂಟುನೂರ ಅರವತ್ತು ಗ್ರಾಂ, ಇನ್ನೊಂದು ಕಡೆ ಒಂಬೈನೂರ ಇಪ್ಪತ್ತು. ನಾನು ಇಲ್ಲಿ ಒಂದು ಗ್ರಾಮನ್ನೂ ಸೇರಿಸಿಲ್ಲ. ಸೇರಿಸುವ ಅಗತ್ಯವೇ ಬೀಳಲಿಲ್ಲ.

ಎರಡು ದಿನಕ್ಕೆ ದವಾಖಾನೆಯಿಂದ ಬಿಡುಗಡೆ. ಗುಂಡವ್ವನ ಮನೆಯಲ್ಲಿ ಹನ್ನೆರಡು ದಿನ. ಕೈ ಮೇಲೆತ್ತುವ ಹಾಗಿಲ್ಲ, ಕೊಡ ಎತ್ತುವ ಹಾಗಿಲ್ಲ. ತಲೆ ಬಾಚುವುದು ಗುಂಡವ್ವ. ಆರು ವಾರ ಕಳೆದ ಮೇಲೆ ಮಂಜುಳಾ ದಾನಮ್ಮನವರ ಬಾಗಿಲಿಗೆ ಹೊಸ ಅಳತೆಗೆ ಬರುತ್ತಾಳೆ. ನೆಟ್ಟಗೆ ನಿಂತಿದ್ದಾಳೆ. ಅವಳು ಇಷ್ಟು ಎತ್ತರವಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ.

“ಏನ್ ಅನಸ್ತದ?” ಎಂದು ಕೇಳುತ್ತೇನೆ.

“ಮೊನ್ನಿ ಮಗಳ ಜೊತಿ ಓಡಿದೆ ಅಣ್ಣಾರ. ಗಲ್ಲಿ ಆ ತುದಿ ತನಕ. ಆಕಿ ಸೋತಳು.” ನಗುತ್ತಾಳೆ. ಗೆರೆಗಳು ಇನ್ನೂ ಕೆಂಪಗಿವೆ, ಒಂದು ಕಡೆ ಸ್ವಲ್ಪ ಮರಗಟ್ಟಿದಂತಿದೆಯಂತೆ. “ಇರ್ಲಿ ಬಿಡ್ರಿ. ಬೆರಳು ಜೋಮು ಹಿಡಿಯೂದು ನಿಂತದ. ಎದಿ ಕೆಳಗ ಒಣಗ್ಯದ. ಇನ್ನೊಂದು ತಿಂಗಳಿಗೆ ಕೆಲಸ ಹುಡಕತೀನಿ. ಬುಟ್ಟಿದಲ್ಲ. ಇಲ್ಲೇ ಕಾರ್ಖಾನ್ಯಾಗ, ಪ್ಯಾಕಿಂಗಿಗೆ.”

ಬರಹ ಇಲ್ಲಿಗೆ ಮುಗಿಯಿತೆಂದುಕೊಂಡು ನಾನು ಹೋದ ವಾರ ಬೆಳಿಗ್ಗೆ ದಾನಮ್ಮನವರ ಎದುರು ಕೂತು ಇಷ್ಟನ್ನೂ ಗಟ್ಟಿಯಾಗಿ ಓದಿದೆ. ಕೊನೆಗೆ, ನಿಮ್ಮ ಆಸೆ ಏನು ಹೇಳಿ, ಅದನ್ನು ಬರೆದು ಮುಗಿಸುತ್ತೇನೆ ಎಂದೆ. ಅವರು ಯಂತ್ರ ನಿಲ್ಲಿಸಿದರು. ಬಲ್ಬಿನ ಕೆಳಗಿನ ತಗಡಿನ ಪೆಟ್ಟಿಗೆ ತೆಗೆದರು. ಹನ್ನೆರಡು ಹೆಂಗಸರ ಚೀಟಿಗಳನ್ನೂ ಅದರಲ್ಲಿ ಇಟ್ಟಿದ್ದಾರೆ. ಒಂದನ್ನು ಎಳೆದು ನನ್ನ ಮುಂದೆ ಹಿಡಿದರು. ಮಂಜುಳಾಗೆ ಫೆಬ್ರವರಿಯ ದಿನ ಕೊಟ್ಟಿದ್ದ ಚೀಟಿ.

“ಮೂರನೇ ಸಾಲು ಓದ್ರಿ.”

ನಾನು ಓದಲಿಲ್ಲ.

“ನನಗ ಮರಾಠಿ ಕೂಡಿಸಿ ಓದಾಕ ಬರ್ತದ್ರಿ. ‘ತಂಬಾಖೂ ಚಾರ ಆಠವಡೆ ಬಂದ.’ ನಾಕ್ ವಾರ ತಂಬಾಕು ಬಂದ್. ಐತಲ್ಲ ಬರದದ್ದು? ಮತ್ತ ಚೀಟಿಯೊಳಗ ಆ ಮಾತೇ ಇಲ್ಲ ಅಂತ ಹ್ಯಾಂಗ ಬರದ್ರಿ?”

“ಅದು... ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.”

“ಆ ಚೀಟಿ ಬಂದಾಗ ನಾ ಊರಾಗ ಇರಲಿಲ್ಲ. ಅಕ್ಕನ ಕಣ್ಣಿಂದು ಆಪರೇಶನ್ ಇತ್ತು. ಬಂದು ಕೇಳಿದೆ, ‘ಚೀಟಿ ಓದಿಸಿದಿ ಏನ್ ಮಂಜುಳಾ?’ ‘ಓದಿಸೀನಿ ಚಿಗವ್ವಾ, ಎಲ್ಲಾ ಸಮ ಅದ’ ಅಂದ್ಲು. ನಾನೂ ಸುಮ್ನಾದೆ. ಈ ಗಲ್ಲಿಯೊಳಗ ಚೀಟಿ ಓದಾಕ ಮಂದಿ ಯಾರ ಹತ್ರ ಹೋಗ್ತಾರ, ಹೇಳ್ರಿ ಪೇಪರ್ ಅಣ್ಣಾರ?”

ಬೈಕುಗಳ ಸದ್ದಿನಲ್ಲಿ ಒಂದು ಸುಳ್ಳು ಹುಡುಕಲು ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಸಿಗಲಿಲ್ಲ. ಆ ಭಾಗ ತೆಗೆದು ಬೇರೆ ಬರೆಯುತ್ತೇನೆ ಎಂದೆ.

“ತೆಗೀಬ್ಯಾಡ್ರಿ. ಮ್ಯಾಲ ಹಂಗೇ ಇರ್ಲಿ, ಕೆಳಗ ಖರೇದು ಬರೀರಿ. ಸುಳ್ಳು ಎಲ್ಲಿ ಇತ್ತು ಅಂತ ಮಂದಿಗೆ ಕಾಣಬೇಕು. ನನ್ನ ಫೋಟೋ ಬ್ಯಾಡ, ಹೆಸರು ಇಲ್ಲದಿದ್ರೂ ನಡೀತದ. ಮಿಶ್ರಿ ತಂಬಾಕೇ ಅಂತ ದಪ್ಪ ಅಕ್ಷರದಾಗ ಹಾಕ್ರಿ. ಹದಿಮೂರನೇದಾಕಿ ಬರಾಕ ಹತ್ತ್ಯಾಳ.”

ಆದ್ದರಿಂದ ಕೇಳಿ. ಮಿಶ್ರಿ ತಂಬಾಕೇ. ಚೀಟಿ ಓದಿದವನು ನಾನು. ಜನವರಿಯ ಕೊನೆಯ ವಾರ ಮಂಜುಳಾ ಅದನ್ನು ಹಿಡಿದು ನನ್ನ ಹತ್ತಿರ ಬಂದಳು. ಮೂರನೆಯ ಸಾಲು ಓದಿದೆ. “ಮಿಶ್ರಿ ಅದ್ರಾಗ ಬರ್ತದೇನ್ರಿ ಅಣ್ಣಾರ?” ಎಂದು ಅವಳು ಕೇಳಿದಳು. ಕೇಳಬೇಕಾದ ಪ್ರಶ್ನೆಯನ್ನೇ, ಕೇಳಬೇಕಾದ ಹೊತ್ತಿನಲ್ಲೇ ಕೇಳಿದಳು. ನೂರು ಡಾಕ್ಟರುಗಳ ಜೊತೆ ಕೂತು ಊಟ ಮಾಡಿದವನು ನಾನು, ಅದು ಬರೀ ಹಲ್ಲುಪುಡಿ, ಧೈರ್ಯವಾಗಿ ಉಜ್ಜು ಎಂದೆ. ನೂರು ಡಾಕ್ಟರಿಲ್ಲ, ಒಬ್ಬರೂ ಇಲ್ಲ. ಅವಳ ಎರಡೂವರೆ ತಿಂಗಳು, ಅವಳ ಕೂಲಿ, ಏಪ್ರಿಲ್ಲಿನ ಆ ಹುಣ್ಣು, ಎಲ್ಲವೂ ನನ್ನ ಆ ಒಂದು ಮಾತಿನಿಂದ ಹೋದವು. ಯಾರು ಹೇಳಿದರು ಎಂದು ಡಾಕ್ಟರು ಕೇಳಿದಾಗ ನಾನು ಅವಳಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಿಶ್ರಿ ತಂಬಾಕು ಹೌದೋ ಅಲ್ಲವೋ ಎಂಬುದಕ್ಕೆ ಅವತ್ತು ನನ್ನ ಬಾಯಿಗೆ ಬಾರದೆ ಹೋದ ಉತ್ತರ ಮೂರೇ ಮಾತಿನದು: ನನಗೆ ಗೊತ್ತಿಲ್ಲ, ಮಂಜುಳಾ.